ಒಂದೇ ಕಡಲು, ಒಂದೇ ಈಜು, ಎರಡು ಗಡಿಯಾರ: 1,640 ಮೀಟರೋ, 2,110 ಮೀಟರೋ?

ಮಲ್ಪೆ ಹೊಸಬ

ಎಲ್ಲರಿಗೂ ನಮಸ್ಕಾರ. ಎಂಟು ವರ್ಷ ಈಜುಕೊಳದಲ್ಲೇ ಈಜಿದವನು ನಾನು. ಈ ಡಿಸೆಂಬರಿನಿಂದ ಕಡಲಿಗೆ ಇಳಿಯತೊಡಗಿದ್ದೇನೆ. ಮಲ್ಪೆಯಲ್ಲಿ ದಡಕ್ಕೆ ಸಮಾನಾಂತರವಾಗಿ, 300 ಮೀಟರ್ ಅಂತರದಲ್ಲಿ ಲಂಗರು ಹಾಕಿದ ಎರಡು ತೇಲುಗುರುತುಗಳ ನಡುವೆ ನಾವು ಆರೇಳು ಮಂದಿ ಭಾನುವಾರ ಬೆಳಿಗ್ಗೆ ಈಜುತ್ತೇವೆ. ಪಕ್ಕದಲ್ಲಿ ಒಂದು ಕಯಾಕ್ ಇರುತ್ತದೆ. ಹೋಗಿ ಬರುವುದು ಮೂರು ಸುತ್ತು, ಒಟ್ಟು 1,800 ಮೀಟರ್ ಎಂಬುದು ನಮ್ಮ ಲೆಕ್ಕ.

ಕಳೆದ ವಾರ ನಾನೂ ನನ್ನ ಜೊತೆಗಾರರೂ ಒಬ್ಬರ ಪಕ್ಕ ಒಬ್ಬರು ಈಜಿ, 46 ನಿಮಿಷಕ್ಕೆ ಒಟ್ಟಿಗೇ ದಡ ಸೇರಿದೆವು. ನನ್ನ ಜಿಪಿಎಸ್ ಗಡಿಯಾರ 1,640 ಮೀಟರ್ ತೋರಿಸಿತು, ಅವರದು 2,110 ಮೀಟರ್. ಹಾಗಾಗಿ ನನ್ನ ವೇಗ ನೂರು ಮೀಟರಿಗೆ 2 ನಿಮಿಷ 48 ಸೆಕೆಂಡ್ ಆಯಿತು, ಅವರದು 2 ನಿಮಿಷ 11 ಸೆಕೆಂಡ್ ಆಯಿತು. ಜೊತೆಯಲ್ಲೇ ಈಜಿದ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಇಷ್ಟು ವೇಗವಾಗಿ ಹೇಗೆ ಈಜಿದರು ಎಂಬುದನ್ನು ಅವರು ಇನ್ನೂ ನನಗೆ ವಿವರಿಸಿಲ್ಲ, ಆದರೆ ಆ ದಾಖಲೆಯನ್ನು ಎಲ್ಲರಿಗೂ ತೋರಿಸುತ್ತಿದ್ದಾರೆ.

ನನ್ನ ಗಡಿಯಾರ ಕೆಟ್ಟಿದೆಯೇ? ಹೊಸದನ್ನು ಕೊಳ್ಳಬೇಕೇ? ಓಡುವಾಗ ಇದೇ ಗಡಿಯಾರ ಹತ್ತು ಕಿಲೋಮೀಟರಿಗೆ ಐವತ್ತು ಮೀಟರ್ ಕೂಡ ತಪ್ಪುವುದಿಲ್ಲ.

ಕೆರೆದಂಡೆ

ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿ. 1,875 ಬರುತ್ತದೆ, ಜಗಳ ಮುಗಿಯುತ್ತದೆ.

ಮೂರು ಆಟ

ಕೊಳ್ಳುವ ಮುಂಚೆ ಎರಡು ಸಂಗತಿಗಳನ್ನು ಹೇಳಿ. ನೀವು ಗಡಿಯಾರದಲ್ಲಿ ಯಾವ ವಿಧಾನವನ್ನು ಆರಿಸಿದ್ದಿರಿ, ಈಜುಕೊಳದ್ದೋ ತೆರೆದ ನೀರಿನದ್ದೋ? 46 ನಿಮಿಷವೂ ಫ್ರೀಸ್ಟೈಲ್ ಈಜಿದಿರೋ, ನಡುವೆ ಬೇರೆ ಏನಾದರೂ ಇತ್ತೋ?

ಮೊದಲ ಪ್ರಶ್ನೆಗೆ ಕಾರಣವಿದೆ. ಈಜುಕೊಳದ ವಿಧಾನದಲ್ಲಿ ಗಡಿಯಾರ ಉಪಗ್ರಹವನ್ನು ನೋಡುವುದೇ ಇಲ್ಲ. ನೀವು ಕೊಳದ ಉದ್ದ 25 ಮೀಟರ್ ಎಂದು ಹೇಳಿರುತ್ತೀರಿ, ಅದು ನಿಮ್ಮ ಕೈಯ ಚಲನೆಯಿಂದ ತಿರುವನ್ನು ಗುರುತಿಸಿ, ಎಷ್ಟು ಸಲ ಗೋಡೆ ಮುಟ್ಟಿದಿರಿ ಎಂದು ಎಣಿಸಿ ಗುಣಿಸುತ್ತದೆ. ನಾನು ನನ್ನ ಮೊದಲ ಕಡಲ ಈಜಿನಲ್ಲಿ ಇದೇ ತಪ್ಪು ಮಾಡಿ, ಮುಕ್ಕಾಲು ಗಂಟೆ ಕೈ ಸೋಲುವಂತೆ ಈಜಿ ಮೇಲೆ ಬಂದು ನೋಡಿದರೆ ಗಡಿಯಾರ 175 ಮೀಟರ್ ಎಂದಿತ್ತು. ಕಡಲಿನಲ್ಲಿ ಗೋಡೆ ಎಲ್ಲಿದೆ? ಗಾಗಲ್ಸ್ ಸರಿಪಡಿಸಿಕೊಳ್ಳಲು ನಿಂತ ಏಳು ಸಲವನ್ನು ಅದು ಏಳು ಗೋಡೆ ಎಂದು ತಿಳಿದಿತ್ತು.

ಮಲ್ಪೆ ಹೊಸಬ

ನನ್ನದು ತೆರೆದ ನೀರಿನ ವಿಧಾನವೇ. ಎರಡನೆಯ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಸಂಕೋಚವಾಗುತ್ತದೆ: ಅಲೆ ಎದ್ದಾಗಲೆಲ್ಲ ನಾನು ಬ್ರೆಸ್ಟ್ ಸ್ಟ್ರೋಕಿಗೆ ಬದಲಾಯಿಸುತ್ತೇನೆ, ಒಟ್ಟಿನಲ್ಲಿ ಕಾಲುಭಾಗ ಅದೇ ಇರಬಹುದು. ಜೊತೆಗಾರರ ಗಡಿಯಾರ ಓಟದ್ದು, ಹಳೆಯದು. ಅದರಲ್ಲಿ ತೆರೆದ ನೀರಿನ ವಿಧಾನ ಇಲ್ಲ, ಅವರು 'ಇತರೆ' ಎಂಬುದನ್ನು ಆರಿಸಿ ನೀರಿಗೆ ಇಳಿಯುತ್ತಾರೆ.

ಸೆಟಲೈಟ್ ಗುಮಾಸ್ತ

ಇಷ್ಟು ಗೊತ್ತಾದ ಮೇಲೆ ಎರಡೂ ಅಂಕೆಗಳಿಗೆ ಕಾರಣ ಸಿಕ್ಕಂತಾಯಿತು. ಬೆಂಗಳೂರಿನಲ್ಲಿ ಸ್ಥಾನ ಪತ್ತೆಯ ರಿಸೀವರುಗಳ ಮೇಲೆ ಕೆಲಸ ಮಾಡುವವನಾದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರವಾದರೆ ದಾಟಿ ಹೋಗಿ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ನಮ್ಮ ಮಣಿಕಟ್ಟಿಗೆ ಬಂದು ತಲುಪುವ ಸಂಕೇತ ಅತ್ಯಂತ ಕ್ಷೀಣವಾದದ್ದು. ಗಾಳಿಯಲ್ಲಿ ಹೇಗೋ ಸಾಕಾಗುತ್ತದೆ, ನೀರಿನಲ್ಲಿ ಸಾಯುತ್ತದೆ. 1,575 ಮೆಗಾಹರ್ಟ್ಸಿನ ಈ ಅಲೆಗಳಿಗೆ ಉಪ್ಪುನೀರಂತೂ ಗೋಡೆಯಿದ್ದಂತೆ. ಒಂದು ಸೆಂಟಿಮೀಟರ್ ಒಳಗೆ ಇಳಿಯುವಷ್ಟರಲ್ಲಿ ಬಲ ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ, ಇನ್ನೊಂದು ಸೆಂಟಿಮೀಟರಿಗೆ ಅದರ ಒಂಬತ್ತನೆಯ ಒಂದು ಪಾಲು ಉಳಿಯುತ್ತದೆ. ಸಿಹಿನೀರು ಇಷ್ಟು ನಿರ್ದಯಿ ಅಲ್ಲ, ಆದರೂ ಒಂದು ಗೇಣು ಆಳಕ್ಕೆ ಹೋದರೆ ಅಲ್ಲಿಯೂ ಕಥೆ ಮುಗಿಯಿತು.

ಫ್ರೀಸ್ಟೈಲಿನಲ್ಲಿ ಒಂದು ಕೈ ಒಂದು ಸುತ್ತು ಬರಲು ಸುಮಾರು ಎರಡು ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಅದರಲ್ಲಿ ಮಣಿಕಟ್ಟು ಗಾಳಿಯಲ್ಲಿ ಇರುವುದು ಮೂರನೆಯ ಒಂದು ಪಾಲು, ಅಂದರೆ ಮುಕ್ಕಾಲು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಗಡಿಯಾರ ಉಪಗ್ರಹಗಳನ್ನು ಮತ್ತೆ ಹುಡುಕಿ, ಸ್ಥಾನವನ್ನು ಲೆಕ್ಕ ಹಾಕಿ ಬರೆದುಕೊಳ್ಳಬೇಕು. ಕೆಲವು ಸಲ ಆಗುತ್ತದೆ, ಕೆಲವು ಸಲ ಆಗುವುದಿಲ್ಲ. ಬ್ರೆಸ್ಟ್ ಸ್ಟ್ರೋಕಿನಲ್ಲಿ ಮಣಿಕಟ್ಟು ನೀರಿನಿಂದ ಮೇಲೆ ಬರುವುದೇ ಅಪರೂಪವಾದ್ದರಿಂದ ಆ ಹೊತ್ತಿನಲ್ಲಿ ಗಡಿಯಾರ ಕುರುಡಾಗಿರುತ್ತದೆ. ಮತ್ತೆ ಸಂಕೇತ ಸಿಕ್ಕಾಗ ಅದು ಹಿಂದಿನ ಬಿಂದುವಿನಿಂದ ಹೊಸ ಬಿಂದುವಿಗೆ ನೇರ ಗೆರೆ ಎಳೆಯುತ್ತದೆ. ತೇಲುಗುರುತನ್ನು ಸುತ್ತಿ ಬರುವಾಗ ಹೀಗಾದರೆ ಮೂಲೆಯೇ ಕತ್ತರಿಸಿ ಹೋಗುತ್ತದೆ. ಮಲ್ಪೆ ಹೊಸಬರ 160 ಮೀಟರ್ ಕಳೆದುಹೋದದ್ದು ಹೀಗೆ.

ಜೊತೆಗಾರರ ತಪ್ಪು ಇದಕ್ಕೆ ಉಲ್ಟಾ. ನೀವಿಬ್ಬರೂ ಒಂದು ಸೆಕೆಂಡಿಗೆ ಸುಮಾರು 65 ಸೆಂಟಿಮೀಟರ್ ಮುಂದೆ ಹೋಗುತ್ತಿದ್ದೀರಿ. ಒಂದೊಂದು ಬಿಂದುವಿನಲ್ಲಿ ಇರುವ ತಪ್ಪು ಒಳ್ಳೆಯ ಬಯಲಿನಲ್ಲೂ ಮೂರರಿಂದ ಐದು ಮೀಟರ್. ಓಡುವವನು ಸೆಕೆಂಡಿಗೆ ಮೂರು ಮೀಟರ್ ಹೋಗುವುದರಿಂದ ಈ ಅಲುಗಾಟ ಅವನ ದಾರಿಯಲ್ಲಿ ಮುಚ್ಚಿಹೋಗುತ್ತದೆ. ನಿಧಾನವಾಗಿ ಸಾಗುವ ಈಜುಗಾರನ ವಿಷಯದಲ್ಲಿ ತಪ್ಪೇ ಹೆಜ್ಜೆಗಿಂತ ದೊಡ್ಡದು. ಅಲುಗಾಡುವ ಬಿಂದುಗಳನ್ನು ಹಾಗೆಯೇ ಜೋಡಿಸಿದರೆ ಹಾವಿನ ಓಟದಂತಹ ಗೆರೆ ಬರುತ್ತದೆ, ಮತ್ತು ಅಂಕುಡೊಂಕು ಯಾವಾಗಲೂ ಉದ್ದವನ್ನು ಹೆಚ್ಚಿಸುತ್ತದೆಯೇ ಹೊರತು ಎಂದಿಗೂ ಕಡಿಮೆ ಮಾಡುವುದಿಲ್ಲ. ತೆರೆದ ನೀರಿನ ವಿಧಾನ ಇರುವ ಗಡಿಯಾರಗಳು ಕೈ ಯಾವಾಗ ಮೇಲಿತ್ತು ಎಂದು ಚಲನಸಂವೇದಿಯಿಂದ ತಿಳಿದು, ಕೆಟ್ಟ ಬಿಂದುಗಳನ್ನು ಬಿಸಾಡಿ, ಉಳಿದವನ್ನು ನಯಗೊಳಿಸುತ್ತವೆ. 'ಇತರೆ' ವಿಧಾನಕ್ಕೆ ಆ ವಿವೇಚನೆ ಇಲ್ಲ.

ಬಿಂದು ತಪ್ಪಿಹೋದರೆ ದೂರ ಕಡಿಮೆಯಾಗುತ್ತದೆ, ಬಿಂದು ಅಲುಗಾಡಿದರೆ ದೂರ ಹೆಚ್ಚುತ್ತದೆ. ಇವೆರಡನ್ನು ಕೂಡಿಸಿ ಭಾಗಿಸುವುದು ಕೆರೆದಂಡೆಯವರ ಹಾಸ್ಯಕ್ಕೆ ಸರಿ, ಲೆಕ್ಕಕ್ಕೆ ಅಲ್ಲ.

ಕೆರೆದಂಡೆ

ನನ್ನ 1,875 ನಿಮ್ಮ ಎರಡೂ ಗಡಿಯಾರಗಳಿಗಿಂತ 1,800ಕ್ಕೆ ಹತ್ತಿರವಿದೆ ಎಂಬುದನ್ನು ವಿನಯಪೂರ್ವಕವಾಗಿ ಸಭೆಯ ಗಮನಕ್ಕೆ ತರುತ್ತೇನೆ.

ಎದೆ ಈಜು

ಬ್ರೆಸ್ಟ್ ಸ್ಟ್ರೋಕನ್ನು ಹೇಳಲು ಸಂಕೋಚ ಯಾಕೆ? ನಮ್ಮೂರ ಕಾಲುವೆಯಲ್ಲಿ ಅದನ್ನು ಕಪ್ಪೆ ಈಜು ಎನ್ನುತ್ತಿದ್ದೆವು, ಮತ್ತು ಈಜು ಎಂದರೆ ಅದೇ ಆಗಿತ್ತು. ನಾನು ಇಂದಿಗೂ ಮೂರು ಕಿಲೋಮೀಟರ್ ಪೂರ್ತಿ ಅದನ್ನೇ ಈಜುತ್ತೇನೆ. ಗಡಿಯಾರ ತಯಾರಿಸುವವರೆಲ್ಲ ಫ್ರೀಸ್ಟೈಲ್ ಈಜುವವರೇ ಇರಬೇಕು, ನನ್ನಂಥವರ ನೆನಪೇ ಅವರಿಗೆ ಇದ್ದಂತಿಲ್ಲ.

ನಾನು ಕಂಡುಕೊಂಡ ದಾರಿ ಇದು: ಗಡಿಯಾರವನ್ನು ಕೈಗೆ ಕಟ್ಟದೆ, ಈಜು ಟೋಪಿಯ ಒಳಗೆ, ತಲೆಯ ಹಿಂಭಾಗದಲ್ಲಿ, ಮುಖ ಆಕಾಶಕ್ಕೆ ಇರುವಂತೆ ಇಟ್ಟುಕೊಳ್ಳುತ್ತೇನೆ. ತಲೆಯ ಹಿಂಭಾಗ ನೀರಿನ ಮೇಲೆಯೇ ಇರುವುದರಿಂದ ಗೆರೆ ನೇರವಾಗಿ ಬರುತ್ತದೆ.

ಮೂರು ಆಟ

ಟೋಪಿಯ ಉಪಾಯವನ್ನು ನಾನು ಒಪ್ಪುವುದಿಲ್ಲ. ಗೆರೆ ಚೆನ್ನಾಗಿ ಬರುತ್ತದೆ, ನಿಜ. ಆದರೆ ಕೈಬೀಸುಗಳ ಎಣಿಕೆ ಹಾಳಾಗುತ್ತದೆ, ಹೃದಯ ಬಡಿತ ಸಿಗುವುದಿಲ್ಲ, ಪ್ರತಿ 500 ಮೀಟರಿಗೆ ಗಡಿಯಾರ ನಡುಗಿದರೂ ತಲೆಬುರುಡೆಯಲ್ಲಿ ಗುಯ್‌ಗುಟ್ಟುವುದನ್ನು ಬಿಟ್ಟರೆ ಪರದೆ ನೋಡುವ ಹಾಗಿಲ್ಲ. ಇಪ್ಪತ್ತು ಸಾವಿರ ರೂಪಾಯಿಯ ಗಡಿಯಾರವನ್ನು ಕೊಂಡು ಅದನ್ನು ಕುರುಡಾಗಿ ಹೊತ್ತು ತಿರುಗುವುದೇಕೆ?

ಎದೆ ಈಜು

ನನಗೆ ಬೇಕಾದದ್ದು ದೂರ ಮತ್ತು ದಾರಿ, ಅವೆರಡೂ ಸಿಗುತ್ತವೆ. ನಡುನೀರಿನಲ್ಲಿ ಮಣಿಕಟ್ಟು ನೋಡುತ್ತ ಕೂರುವುದಕ್ಕೆ ನಾನು ಬಸ್ಸಿಗೆ ಕಾಯುತ್ತಿಲ್ಲವಲ್ಲ.

ಬೇಲೆಕೇರಿ

ಟೋಪಿಯ ವಿಷಯದಲ್ಲಿ ಒಂದು ಎಚ್ಚರಿಕೆ. ನಾನು ಹೀಗೆಯೇ ಇಟ್ಟುಕೊಂಡಿದ್ದೆ, ದಡದ ಹತ್ತಿರದ ಅಲೆಯೊಂದು ತಲೆಯ ಮೇಲೆ ಮುರಿದು ಬಿದ್ದಾಗ ಟೋಪಿಯೂ ಹೋಯಿತು, ಗಡಿಯಾರವೂ ಹೋಯಿತು. ಟೋಪಿ ತೇಲುತ್ತಿತ್ತು. ಈಗ ಗಡಿಯಾರದ ಪಟ್ಟಿಯನ್ನು ಗಾಗಲ್ಸಿನ ಪಟ್ಟಿಗೆ ಸುತ್ತಿ, ಅದರ ಮೇಲೆ ಟೋಪಿ ಹಾಕುತ್ತೇನೆ.

ವಿಂಡರ್‌ಮಿಯರ್ ಕನ್ನಡಿಗ

ಇಂಗ್ಲೆಂಡಿನ ಉತ್ತರ ಭಾಗದಿಂದ ಬರೆಯುತ್ತಿದ್ದೇನೆ. ನಾವು ಈಜುವುದು ವಿಂಡರ್‌ಮಿಯರ್ ಸರೋವರದಲ್ಲಿ. ಅದರ ಉದ್ದ ಸುಮಾರು 17 ಕಿ.ಮೀ. ಇಲ್ಲಿ ಎಲ್ಲರ ಸೊಂಟಕ್ಕೂ ಗಾಳಿ ತುಂಬಿದ ಕಿತ್ತಳೆ ಬಣ್ಣದ ಒಂದು ತೇಲು ಇರುತ್ತದೆ, ಎರಡು ಮೊಳದ ಹಗ್ಗದಲ್ಲಿ ನಮ್ಮ ಹಿಂದೆ ಹಿಂದೆ ಬರುತ್ತದೆ. ದೋಣಿಯವರಿಗೆ ನಾವು ಕಾಣಲಿ ಎಂಬುದು ಅದರ ಮೊದಲ ಉದ್ದೇಶ. ಊರಿನ ಬಾವಿಯಲ್ಲಿ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವನು ನಾನು, ಐವತ್ತರ ಹತ್ತಿರ ಬಂದು ಇಲ್ಲಿ ಮತ್ತೆ ಬುರುಡೆ ಕಟ್ಟಿಕೊಳ್ಳಬೇಕಾಯಿತಲ್ಲ ಎಂದು ಮೊದಲ ದಿನ ನಗು ಬಂದಿತ್ತು.

ಈ ತೇಲಿನ ಒಳಗೆ ನೀರು ಹೋಗದ ಒಂದು ಜೇಬು ಇರುತ್ತದೆ. ಫೋನನ್ನು ಅದರಲ್ಲಿ ಹಾಕಿ ದಾಖಲಿಸಲು ಬಿಟ್ಟರೆ ಅದು ಇಡೀ ಹೊತ್ತು ಆಕಾಶವನ್ನೇ ನೋಡುತ್ತಿರುತ್ತದೆ. ನಾನು ನೋಡಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಗೆರೆ ಇನ್ನಾವುದರಲ್ಲೂ ಬರುವುದಿಲ್ಲ. ಕೈಯಲ್ಲಿರುವ ಗಡಿಯಾರವನ್ನು ಸಮಯಕ್ಕೆ, ಕೈಬೀಸಿನ ಎಣಿಕೆಗೆ ಬಿಡಿ, ದೂರವನ್ನು ತೇಲಿನಿಂದ ತೆಗೆದುಕೊಳ್ಳಿ. ಮೂರು ಆಟದವರಿಗೂ ಎದೆ ಈಜಿನವರಿಗೂ ಇದರಿಂದ ರಾಜಿಯಾಗಬಹುದು.

ಗಡಿಯಾರ ಬೇಡ

ಒಂದು ಗಡಿಯಾರ ಕೈಗೆ, ಇನ್ನೊಂದು ಟೋಪಿಗೆ, ಫೋನು ಬುರುಡೆಗೆ. ಇನ್ನು ಈಜುವುದಕ್ಕೆ ಜಾಗ ಎಲ್ಲಿ ಉಳಿಯಿತು? ಹಿಂದಿನವರು ಇದಾವುದೂ ಇಲ್ಲದೆ ಈಜಿದರು. ಮಿಹಿರ್ ಸೇನ್ 1958ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಇಂಗ್ಲಿಷ್ ಕಾಲುವೆಯನ್ನು ದಾಟಿದಾಗ ಮೊದಲ ಜಿಪಿಎಸ್ ಉಪಗ್ರಹ ಹಾರಲು ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.

ಸೆಟಲೈಟ್ ಗುಮಾಸ್ತ

ಅವರ ಪಕ್ಕದಲ್ಲಿ ದಾರಿ ಬಲ್ಲ ನಾವಿಕನಿದ್ದ ದೋಣಿ ಇತ್ತು, ಸ್ವಾಮಿ. ದೋಣಿಯವನು ನಕ್ಷೆ ನೋಡುತ್ತಿದ್ದ. ನಮ್ಮ ಭಾನುವಾರದ ಈಜಿಗೆ ಅಂಥವನನ್ನು ಯಾರು ಕೊಡುತ್ತಾರೆ?

ಆದರೆ ನೀವು ಕಾಲುವೆಯ ಹೆಸರು ತೆಗೆದದ್ದು ಒಳ್ಳೆಯದಾಯಿತು, ಏಕೆಂದರೆ 'ದೂರ' ಎಂದರೆ ಯಾವುದು ಎಂಬ ಪ್ರಶ್ನೆಗೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಡೋವರಿನಿಂದ ಫ್ರಾನ್ಸಿನ ತೀರಕ್ಕೆ ನೇರವಾಗಿ ಅಳೆದರೆ ಸುಮಾರು 33 ಕಿ.ಮೀ. 1875ರ ಆಗಸ್ಟಿನಲ್ಲಿ ಮ್ಯಾಥ್ಯೂ ವೆಬ್ ಅದನ್ನು ಮೊದಲ ಬಾರಿಗೆ ಈಜಿ ದಾಟಲು 21 ಗಂಟೆ 45 ನಿಮಿಷ ತೆಗೆದುಕೊಂಡರು, ಮತ್ತು ಉಬ್ಬರ ಇಳಿತಗಳು ಅತ್ತಿತ್ತ ಎಳೆದದ್ದರಿಂದ ಅವರು ಸಾಗಿದ ದಾರಿ ಸುಮಾರು 64 ಕಿ.ಮೀ. ಎಂದು ಹೇಳಲಾಗುತ್ತದೆ. ಅವರ ದೂರ 33 ಎನ್ನಬೇಕೋ 64 ಎನ್ನಬೇಕೋ?

ಪಡುಗಡಲು

ಮಾರಾಯರೇ, ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ನದಿ ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆಗೆ ಬನ್ನಿ, ಫ್ರಾನ್ಸಿಗೆ ಹೋಗಬೇಕಾಗಿಲ್ಲ.

ನನಗೆ ಅರವತ್ತೊಂದು. ಮಗ ಬಲವಂತ ಮಾಡಿ ಒಂದು ಗಡಿಯಾರ ಕಟ್ಟಿದ. ಒಂದು ದಿನ ಇಳಿತದ ಹೊತ್ತಿನಲ್ಲಿ ನದಿಯ ಕಡೆಗೆ ಮುಖ ಮಾಡಿ ಈಜಿದೆ. ಇಪ್ಪತ್ತು ನಿಮಿಷ ಬಿಡದೆ ಕೈ ಹಾಕಿದ್ದೇನೆ, ದಡದಲ್ಲಿ ಕಟ್ಟಿದ್ದ ನೀಲಿ ಬಣ್ಣದ ನಾಡದೋಣಿ ನನ್ನ ಬಲಭುಜದ ನೇರಕ್ಕೆ ಇದ್ದದ್ದು ಅಲ್ಲೇ ಇದೆ. ಗಡಿಯಾರ ನೋಡಿದರೆ 90 ಮೀಟರ್. ಸಾಕಾಗಿ ಮುಖ ತಿರುಗಿಸಿ ಸೆಳೆತದ ಜೊತೆಗೆ ಬಂದೆ. ಮೂರು ನಿಮಿಷದೊಳಗೆ ಹೊರಟ ಜಾಗವನ್ನು ದಾಟಿದೆ, ಗಡಿಯಾರ ನನ್ನನ್ನು ಒಲಿಂಪಿಕ್ಸಿಗೆ ಕಳುಹಿಸುವಂಥ ವೇಗ ತೋರಿಸಿತು. ಅಲ್ಲಿಗೇ ನಿಲ್ಲಿಸಿ ದಡಕ್ಕೆ ಬಂದೆ, ಯಾಕೆಂದರೆ ಅದೇ ಸೆಳೆತ ಇನ್ನೂ ಸ್ವಲ್ಪ ಹೊತ್ತಿಗೆ ನನ್ನನ್ನು ಅಳಿವೆಯ ಬಾಯಿಗೆ ಒಯ್ಯುತ್ತಿತ್ತು.

ಉಪಗ್ರಹಕ್ಕೆ ನೆಲ ಗೊತ್ತು, ನೀರು ಗೊತ್ತಿಲ್ಲ. ನಾವು ನೀರಿನ ಮೇಲೆ ಎಷ್ಟು ಹೋದೆವೋ ಅದನ್ನು ಅದು ಅಳೆಯುವುದಿಲ್ಲ, ನೆಲದ ಮೇಲೆ ಎಷ್ಟು ಸರಿದೆವೋ ಅದನ್ನು ಅಳೆಯುತ್ತದೆ. ದಡಕ್ಕೆ ಸಮಾನಾಂತರವಾಗಿ ಹೋಗಿ ಬರುವವರಿಗೆ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಒಂದೇ ದಿಕ್ಕಿಗೆ ಈಜಿ ಆಟೋ ಹತ್ತಿ ವಾಪಸ್ ಬರುವವರು ಆ ದಿನದ ವೇಗವನ್ನು ಹೇಳುವ ಮುಂಚೆ ಆ ದಿನದ ಭರತ ಇಳಿತವನ್ನೂ ಹೇಳಬೇಕು.

ಇನ್ನೊಂದು ಮಾತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳೇ ಬಂದರಿನ ದಕ್ಕೆ ಬಿಟ್ಟು ಕದಲುವುದಿಲ್ಲ. ಆ ಎರಡು ತಿಂಗಳಲ್ಲಿ ನಿಮ್ಮ ಗಡಿಯಾರ ಎಷ್ಟು ಒಳ್ಳೆಯದಾದರೂ ಅದನ್ನು ಮನೆಯಲ್ಲೇ ಕಟ್ಟಿಕೊಳ್ಳಿ.

ಗಡಿಯಾರ ಬೇಡ

ಪಡುಗಡಲು ಅವರು ನನ್ನ ಪಕ್ಷದವರು ಎಂದು ನಾನು ತಿಳಿಯುತ್ತೇನೆ.

ಪಡುಗಡಲು

ಅಲ್ಲ. ಆ ದಿನ ಗಡಿಯಾರ 90 ಎಂದು ತೋರಿಸದಿದ್ದರೆ ನಾನು ಇನ್ನೂ ಹತ್ತು ನಿಮಿಷ ಹಟ ಹಿಡಿದು ಈಜುತ್ತಿದ್ದೆ.

ಹಾಸನದವಳು

ಒಂದು ಸಣ್ಣ ಪ್ರಶ್ನೆ. ನಮ್ಮದೇ ನಾವಿಕ್ ಉಪಗ್ರಹಗಳನ್ನು ಹಿಡಿಯುವ ಗಡಿಯಾರವಾದರೆ, ಅಥವಾ ಎರಡು ತರಂಗಾಂತರ ಎಂದು ಜಾಹೀರಾತಿನಲ್ಲಿ ಹೇಳುವ ದುಬಾರಿ ಗಡಿಯಾರವಾದರೆ ನೀರಿನಲ್ಲಿ ಹೆಚ್ಚು ಸರಿಯಾಗಿ ತೋರಿಸುತ್ತದೆಯೇ? ಇಸ್ರೋದ ನಿಯಂತ್ರಣ ಕೇಂದ್ರ ಇರುವ ಊರಿನವಳಾಗಿ ಕೇಳುತ್ತಿದ್ದೇನೆ.

ಸೆಟಲೈಟ್ ಗುಮಾಸ್ತ

ಆಕಾಶದಲ್ಲಿ ಹೆಚ್ಚು ಉಪಗ್ರಹಗಳು ಕಂಡಷ್ಟೂ ಒಳ್ಳೆಯದೇ, ಕೈ ಮೇಲೆ ಬಂದ ಅರೆಕ್ಷಣದಲ್ಲಿ ಸ್ಥಾನ ಪತ್ತೆಗೆ ಬೇಕಾದ ನಾಲ್ಕು ಸಿಗುವ ಸಾಧ್ಯತೆ ಹೆಚ್ಚುತ್ತದೆ. ನಾವಿಕ್ ಸರಣಿಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಆದರೆ ಮೊದಲ ಪೀಳಿಗೆಯವು ಎಲ್5 ಮತ್ತು ಎಸ್ ಎಂಬ ತರಂಗಾಂತರ ಪಟ್ಟಿಗಳಲ್ಲಿ ಮಾತ್ರ ಮಾತನಾಡುತ್ತಿದ್ದವು, ಸಾಮಾನ್ಯ ಗಡಿಯಾರಗಳು ಕೇಳುವ ಎಲ್1 ಪಟ್ಟಿ ಸೇರಿದ್ದು 2023ರ ಎನ್‌ವಿಎಸ್-01 ಉಪಗ್ರಹದಿಂದ. ಎರಡು ತರಂಗಾಂತರದ ಲಾಭ ಮುಖ್ಯವಾಗಿ ಎತ್ತರದ ಕಟ್ಟಡಗಳ ನಡುವೆ, ಗೋಡೆಗೆ ಬಡಿದು ಬರುವ ಪ್ರತಿಧ್ವನಿಯನ್ನು ಬೇರ್ಪಡಿಸುವುದರಲ್ಲಿ. ಕಡಲಿನ ಮೇಲೆ ಕಟ್ಟಡವಿಲ್ಲ. ಮುಳುಗಿದ ಕೈಗೆ ಯಾವ ದೇಶದ ಉಪಗ್ರಹವೂ ಕಾಣುವುದಿಲ್ಲ.

ಹಣ ಖರ್ಚಿಲ್ಲದ ಒಂದು ಅಭ್ಯಾಸ ಮಾತ್ರ ದುಬಾರಿ ಗಡಿಯಾರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಪ್ರತಿ ಜಿಪಿಎಸ್ ಉಪಗ್ರಹ ತಾನು ಎಲ್ಲಿದ್ದೇನೆ ಎಂಬ ವಿವರವನ್ನು 30 ಸೆಕೆಂಡಿಗೊಮ್ಮೆ ಪುನರಾವರ್ತಿಸುತ್ತದೆ, ಅದನ್ನು ಪೂರ್ತಿ ಕೇಳಿಸಿಕೊಳ್ಳಲು 18 ಸೆಕೆಂಡ್ ತಡೆಯಿಲ್ಲದ ಸಂಕೇತ ಬೇಕು. ಕೈ ಎರಡು ಸೆಕೆಂಡಿಗೊಮ್ಮೆ ಮುಳುಗುತ್ತಿದ್ದರೆ ಆ 18 ಸೆಕೆಂಡ್ ಎಂದಿಗೂ ಸಿಗುವುದಿಲ್ಲ. ಆದ್ದರಿಂದ ಮನೆಯಿಂದ ಹೊರಡುವ ಮುಂಚೆ ಗಡಿಯಾರವನ್ನು ಫೋನಿನೊಂದಿಗೆ ಒಮ್ಮೆ ಸಿಂಕ್ ಮಾಡಿ, ಉಪಗ್ರಹಗಳ ಮುಂದಿನ ಕೆಲವು ದಿನಗಳ ಸ್ಥಾನಗಳನ್ನು ಅದು ಇಳಿಸಿಕೊಳ್ಳುತ್ತದೆ. ಬಳಿಕ ದಡದಲ್ಲಿ, ಒಣಗಿದ ಕೈಯಲ್ಲಿ, ಉಪಗ್ರಹಗಳು ಸಿಕ್ಕಿ ಲಾಕ್ ಆಯಿತು ಎಂದು ತೋರಿಸಿದ ಮೇಲೂ ಒಂದೆರಡು ನಿಮಿಷ ಸುಮ್ಮನೆ ನಿಂತು ಆಮೇಲೆ ಗುಂಡಿ ಒತ್ತಿ.

ಮಲ್ಪೆ ಹೊಸಬ

ನಮ್ಮ ಜೊತೆಗಾರರು ಗುಂಡಿಯನ್ನು ಸೊಂಟದಷ್ಟು ನೀರಿನಲ್ಲಿ ನಿಂತು, ಒದ್ದೆ ಬೆರಳಿನಿಂದ ಒತ್ತುತ್ತಾರೆ.

ವಿಂಡರ್‌ಮಿಯರ್ ಕನ್ನಡಿಗ

ತೇಲುಗುರುತಿನ ಹತ್ತಿರ ನಿಂತು ಮಾತನಾಡುವಾಗ ಮಣಿಕಟ್ಟನ್ನು ನೀರಿನಿಂದ ಮೇಲಕ್ಕೆ ಹಿಡಿದುಕೊಳ್ಳಿ. ಹತ್ತು ಸೆಕೆಂಡ್ ಹಿಡಿದರೂ ಮೂಲೆ ಸರಿಯಾಗಿ ದಾಖಲಾಗುತ್ತದೆ. ನೋಡುವವರಿಗೆ ನೀವು ಯಾರನ್ನೋ ಕರೆಯುತ್ತಿದ್ದೀರಿ ಎನಿಸಬಹುದಾದ್ದರಿಂದ ಕಯಾಕಿನವರಿಗೆ ಮೊದಲೇ ಹೇಳಿಡಿ. ಇಲ್ಲಿ ಒಮ್ಮೆ ರಕ್ಷಣಾ ದೋಣಿ ನನ್ನ ಕಡೆಗೆ ಹೊರಟುಬಿಟ್ಟಿತ್ತು.

ಎದೆ ಈಜು

ಹೃದಯ ಬಡಿತದ ವಿಷಯವನ್ನು ಮೂರು ಆಟದವರು ಎತ್ತಿದ್ದರು. ಕೈಯಲ್ಲಿ ಕಟ್ಟಿದರೆ ಅದು ಸರಿಯಾಗಿ ಬರುತ್ತದೆಯೇ? ನನ್ನ ತಂಗಿಯ ಗಡಿಯಾರ ಅವಳು ಏದುಸಿರು ಬಿಡುತ್ತಿದ್ದಾಗ 82 ಎನ್ನುತ್ತದೆ.

ಮೂರು ಆಟ

ಸರಿಯಾಗಿ ಬರುವುದಿಲ್ಲ ಎಂದು ನಾನೇ ಒಪ್ಪಿಕೊಳ್ಳುತ್ತೇನೆ. ಗಡಿಯಾರದ ಹಿಂಬದಿಯ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತವನ್ನು ನೋಡಬೇಕು. ಗಡಿಯಾರದ ಬೆನ್ನಿಗೂ ಚರ್ಮಕ್ಕೂ ನಡುವೆ ನೀರು ನುಗ್ಗುತ್ತದೆ, ತಣ್ಣೀರಿನಲ್ಲಿ ಚರ್ಮಕ್ಕೆ ರಕ್ತ ಹರಿಯುವುದೇ ಕಡಿಮೆಯಾಗುತ್ತದೆ. ಬಡಿತ ಅಳೆಯುವ ಎದೆಪಟ್ಟಿ ಕಟ್ಟಿದರೂ ಬ್ಲೂಟೂತ್ ನೀರಿನಲ್ಲಿ ಒಂದು ಗೇಣು ಕೂಡ ದಾಟುವುದಿಲ್ಲ. ಅದಕ್ಕಾಗಿಯೇ ಗಾರ್ಮಿನ್‌ನ ಈಜು ಎದೆಪಟ್ಟಿಗಳು, ಪೋಲಾರ್ ಎಚ್10 ಮುಂತಾದವು ಬಡಿತವನ್ನು ತಮ್ಮೊಳಗೇ ಬರೆದಿಟ್ಟುಕೊಂಡು, ನೀರಿನಿಂದ ಹೊರಬಂದ ಮೇಲೆ ಒಪ್ಪಿಸುತ್ತವೆ. ನಡುನೀರಿನಲ್ಲಿ ಪರದೆಯ ಮೇಲೆ ಕಾಣುವ ಬಡಿತವನ್ನು ನಂಬಿ ವೇಗ ಹೆಚ್ಚಿಸುವುದು ಬೇಡ.

ಬೇಲೆಕೇರಿ

ಉಪ್ಪುನೀರಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ, ಚಾರ್ಜ್ ಮಾಡುವ ಬಿಂದುಗಳನ್ನು ಒರೆಸಿ ಒಣಗಿಸಿದ ಮೇಲೆಯೇ ಚಾರ್ಜರ್ ಹಚ್ಚಿ. ನನ್ನದರಲ್ಲಿ ಆ ನಾಲ್ಕು ಬಿಂದುಗಳಲ್ಲಿ ಒಂದು ಹಸಿರುಗಟ್ಟಿ ಉದುರಿತು. ಬದಿಯಲ್ಲಿರುವ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಬೇಡಿ, ಗಾಳಿಯ ಒತ್ತಡ ಅಳೆಯುವುದು ಅದರ ಒಳಗಿದೆ.

ಸೆಟಲೈಟ್ ಗುಮಾಸ್ತ

ಮೂಲ ಪ್ರಶ್ನೆಗೆ ಮರಳಿದರೆ, ಆ 1,800 ಎಂಬ ಅಂಕೆಯನ್ನೇ ಯಾರೂ ಪ್ರಶ್ನಿಸಲಿಲ್ಲವಲ್ಲ? ತೇಲುಗುರುತನ್ನು ಕಟ್ಟಿದ ಹಗ್ಗ ನೀರಿನ ಆಳಕ್ಕಿಂತ ಉದ್ದವಿರಲೇಬೇಕು. ನಾಲ್ಕು ಮೀಟರ್ ಆಳದಲ್ಲಿ ಎಂಟು ಮೀಟರ್ ಹಗ್ಗವಿದ್ದರೆ ಗುರುತು ಲಂಗರಿನಿಂದ ಸುಮಾರು ಏಳು ಮೀಟರ್ ಯಾವ ಕಡೆಗಾದರೂ ಸರಿಯಬಹುದು. ನಿಮ್ಮ ಅಳತೆಗೋಲೇ ತೇಲುತ್ತಿದೆ.

ಮಲ್ಪೆ ಹೊಸಬ

ಇಷ್ಟು ಓದಿದ ಮೇಲೆ ಈ ಭಾನುವಾರ ಒಂದು ಪರೀಕ್ಷೆ ಮಾಡಿಯೇಬಿಟ್ಟೆವು. ಮೊದಲು ಕಯಾಕಿನಲ್ಲಿ ಎರಡೂ ಗುರುತುಗಳ ಪಕ್ಕಕ್ಕೆ ಹೋಗಿ, ಫೋನನ್ನು ಒಂದೊಂದು ಕಡೆ ಎರಡು ನಿಮಿಷ ಹಿಡಿದು ಸ್ಥಾನವನ್ನು ಗುರುತಿಸಿ ನಕ್ಷೆಯ ಮೇಲೆ ಅಳೆದಾಗ 301 ಮೀಟರ್ ಬಂತು. ಅಷ್ಟರ ಮಟ್ಟಿಗೆ ನಮ್ಮ ಅಳತೆಗೋಲು ನೆಟ್ಟಗಿತ್ತು. ಆಮೇಲೆ ನನ್ನ ಗಡಿಯಾರವನ್ನು ಎಡಗೈಗೆ ಕಟ್ಟಿ, ಒಬ್ಬ ಮಿತ್ರರಿಂದ ಎರವಲು ಪಡೆದ ಅದೇ ಮಾದರಿಯ ಗಡಿಯಾರವನ್ನು ಟೋಪಿಯೊಳಗೆ ಗಾಗಲ್ಸಿನ ಪಟ್ಟಿಗೆ ಸುತ್ತಿ, ಫೋನನ್ನು ಕಿತ್ತಳೆ ಬುರುಡೆಗೆ ಹಾಕಿ, ದಡದಲ್ಲಿ ಎರಡು ನಿಮಿಷ ಎಲ್ಲರೂ ಆಕಾಶಕ್ಕೆ ಕೈ ಚಾಚಿ ನಿಂತೆವು. ಬೀಚಿಗೆ ವಾಯುವಿಹಾರಕ್ಕೆ ಬಂದವರು ಇದು ಯಾವುದೋ ವ್ಯಾಯಾಮ ಎಂದು ತಿಳಿದಿರಬೇಕು, ಒಬ್ಬ ಹುಡುಗ ಬಂದು ನಮ್ಮ ಸಾಲಿನಲ್ಲೇ ನಿಂತ.

ಪೂರ್ತಿ ಫ್ರೀಸ್ಟೈಲ್, ಮೂರು ಸುತ್ತು. ಬುರುಡೆಯ ಫೋನ್ 1,835 ಎಂದಿತು, ಟೋಪಿಯ ಗಡಿಯಾರ 1,850, ಕೈಯ ಗಡಿಯಾರ 1,760. ಜೊತೆಗಾರರ ಹಳೆಯ ಗಡಿಯಾರ, ಒಣಕೈಯಲ್ಲಿ ಲಾಕ್ ಆದ ಮೇಲೂ, 1,980 ಎಂದಿತು. ಹೊಸ ಗಡಿಯಾರ ಕೊಳ್ಳುವ ಯೋಚನೆಯನ್ನು ಕೈಬಿಟ್ಟಿದ್ದೇನೆ, ಒಂದು ಬುರುಡೆ ಕೊಂಡಿದ್ದೇನೆ.

ಆದರೆ ನನಗೆ ದೂರಕ್ಕಿಂತ ಕುತೂಹಲ ಹುಟ್ಟಿಸಿದ್ದು ಬುರುಡೆಯ ಫೋನು ಬರೆದ ಗೆರೆ. ಉತ್ತರಕ್ಕೆ ಈಜಿದ ಮೂರೂ ಗೆರೆಗಳು ಹಗ್ಗ ಹಿಡಿದು ಎಳೆದಂತೆ ನೇರವಾಗಿವೆ. ದಕ್ಷಿಣಕ್ಕೆ ಈಜಿದ ಮೂರೂ ಬಿಲ್ಲಿನಂತೆ ಕಡಲ ಕಡೆಗೆ ಬಾಗಿವೆ, ನಡುವೆ ಸುಮಾರು 30 ಮೀಟರ್ ಹೊರಕ್ಕೆ ಹೋಗಿವೆ. ಗೆರೆ ಒಂದೇ ರೀತಿ ಮೂರು ಸಲ ತಪ್ಪಲು ಉಪಗ್ರಹಕ್ಕೆ ನನ್ನ ಮೇಲೆ ಹಗೆತನವಿಲ್ಲ. ಎರಡು ದಿನ ಯೋಚಿಸಿದ ಮೇಲೆ ಹೊಳೆಯಿತು: ನಾನು ಯಾವಾಗಲೂ ಬಲಗಡೆಗೆ ಮಾತ್ರ ಉಸಿರು ತೆಗೆದುಕೊಳ್ಳುತ್ತೇನೆ. ಉತ್ತರಕ್ಕೆ ಹೋಗುವಾಗ ಬಲಗಡೆ ದಡವಿದೆ, ಪ್ರತಿ ಉಸಿರಿಗೂ ತೆಂಗಿನ ಮರಗಳ ಸಾಲು ಕಾಣುತ್ತದೆ, ತಿಳಿಯದೆಯೇ ಅಂತರವನ್ನು ಕಾಯ್ದುಕೊಳ್ಳುತ್ತೇನೆ. ದಕ್ಷಿಣಕ್ಕೆ ಹೋಗುವಾಗ ಬಲಗಡೆ ಬರಿಯ ಕಡಲು.

ಪಡುಗಡಲು

ಈಗ ಗಡಿಯಾರದಿಂದ ಒಂದು ಕೆಲಸವಾಯಿತು.

ದಕ್ಷಿಣಕ್ಕೆ ಹೋಗುವಾಗ ಎದುರಿಗಿರುವ ತೇಲುಗುರುತೊಂದನ್ನೇ ನೋಡಬೇಡಿ, ಅಲೆಯ ಹಿಂದೆ ಅದು ಅರ್ಧ ಹೊತ್ತು ಕಾಣುವುದಿಲ್ಲ. ದಡದ ಮೇಲೆ ಒಂದರ ಹಿಂದೆ ಒಂದು ಇರುವ ಎರಡು ಗುರುತುಗಳನ್ನು ಹಿಡಿಯಿರಿ, ಮುಂದಿನದು ಗಿಡ್ಡ, ಹಿಂದಿನದು ಎತ್ತರ ಇರಲಿ. ಅವೆರಡೂ ಒಂದೇ ಸಾಲಿಗೆ ಕಂಡರೆ ನೀವು ದಾರಿಯಲ್ಲಿದ್ದೀರಿ, ಹಿಂದಿನದು ಒಂದು ಪಕ್ಕಕ್ಕೆ ಇಣುಕಿದರೆ ನೀವೂ ಅದೇ ಪಕ್ಕಕ್ಕೆ ಸರಿದಿದ್ದೀರಿ. ನನ್ನ ಅಜ್ಜ ಕಲ್ಲಿರುವ ಜಾಗಕ್ಕೆ ಬಲೆ ಹಾಕದ ಹಾಗೆ ದೋಣಿ ನಡೆಸಿದ್ದು ಇದರಿಂದಲೇ.

ಎದೆ ಈಜು

ಅಥವಾ ಕಪ್ಪೆ ಈಜು ಈಜಿ. ತಲೆ ಮುಂದಕ್ಕೇ ಇರುತ್ತದೆ, ಎರಡೂ ದಡ ಕಾಣುತ್ತವೆ.

ಮಲ್ಪೆ ಹೊಸಬ

ಪಡುಗಡಲು ಅವರೇ, ದಕ್ಷಿಣದ ತುದಿಯಲ್ಲಿ ಒಂದು ಮೀನಿನ ಶೆಡ್ಡೂ ಅದರ ಹಿಂದೆ ಒಂದು ಮೊಬೈಲ್ ಗೋಪುರವೂ ಇವೆ. ಬರುವ ಭಾನುವಾರ ಅವನ್ನೇ ಹಿಡಿದು ನೋಡುತ್ತೇನೆ, ಗೆರೆಯನ್ನು ಇಲ್ಲಿ ಹಾಕುತ್ತೇನೆ.

ಜೊತೆಗಾರ

ಈ ಚರ್ಚೆ ನಡೆಯುತ್ತಿದೆ ಎಂದು ನನಗೆ ಇವತ್ತು ತಿಳಿಯಿತು. ಬಿಂದುಗಳ ಅಲುಗಾಟ, ಒದ್ದೆ ಬೆರಳು, ತೇಲುವ ಅಳತೆಗೋಲು ಎಲ್ಲವನ್ನೂ ಓದಿದೆ, ಎಲ್ಲವನ್ನೂ ಒಪ್ಪಿದೆ. ನೂರು ಮೀಟರಿಗೆ 2 ನಿಮಿಷ 11 ಸೆಕೆಂಡಿನ ಆ ದಾಖಲೆಯನ್ನು ಮಾತ್ರ ನಾನು ಅಳಿಸುವುದಿಲ್ಲ.